ಪಿಸ್ತೂಲು ಕೊಳ್ಳುವ ಮೊದಲು ಅಂಗೈ ನೋಡಿ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಏರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದರು, 25 ಮೀಟರ್ ಪಿಸ್ತೂಲಿನಲ್ಲಿ ಶೂಟ್‌ಆಫ್‌ವರೆಗೂ ಹೋಗಿ ನಾಲ್ಕನೆಯವರಾದರು. ಅಲ್ಲಿಂದೀಚೆಗೆ ನಾನು ಕಲಿಸುವ ರೇಂಜಿಗೆ ಹೆಣ್ಣುಮಕ್ಕಳನ್ನು ಕರೆತರುವ ಅಪ್ಪ–ಅಮ್ಮಂದಿರು ಹೆಚ್ಚಾಗಿದ್ದಾರೆ. ಏರ್ ಪಿಸ್ತೂಲಿನಿಂದ ಪಾಯಿಂಟ್ 22 ಬೋರಿನ ಪಿಸ್ತೂಲಿಗೆ ಬರುವ ಹೊತ್ತಿಗೆ ಅವರ ಪ್ರಶ್ನೆ ಒಂದೇ: ‘ಮೇಡಂ, ಪಾರ್ದಿನಿ ತರಿಸೋಣವಾ, ವಾಲ್ಥರ್ ತರಿಸೋಣವಾ?’ ಎರಡೂ ಒಳ್ಳೆಯ ಪಿಸ್ತೂಲುಗಳೇ. ಆದರೆ ಲಕ್ಷಗಟ್ಟಲೆ ಹಣ ಸುರಿಯುವ ಮೊದಲು ಈಗ ಕೈಯಲ್ಲಿರುವ ಪಿಸ್ತೂಲಿನ ಹಿಡಿಯನ್ನೂ ಟ್ರಿಗರನ್ನೂ ಮಗುವಿಗೆ ಹೊಂದಿಸಿ ಎನ್ನುವುದು ನನ್ನ ಉತ್ತರ. ಕ್ಲಬ್ಬುಗಳಿಗೂ ಸರ್ಕಾರಕ್ಕೂ ನಾನು ಹೇಳುವುದು ಇದನ್ನೇ.

ಲೆಕ್ಕ ಸರಳ. 25 ಮೀಟರ್ ಸ್ಪರ್ಧೆಯ ಪಿಸ್ತೂಲಿನಲ್ಲಿ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 220 ಮಿ.ಮೀ.ಗಿಂತ ಹೆಚ್ಚು ಅಂತರ ಇರಕೂಡದು. ಗುಂಡು ಬಿಡುವ ಗಳಿಗೆಯಲ್ಲಿ ಮುಂದಿನ ಸೈಟು ಒಂದೇ ಒಂದು ಮಿ.ಮೀ. ಪಕ್ಕಕ್ಕೆ ಸರಿದರೂ ಗುಂಡು ಕೇಂದ್ರದಿಂದ ಸುಮಾರು 114 ಮಿ.ಮೀ. ಆಚೆ ಬೀಳುತ್ತದೆ. ನಿಖರತೆಯ ಸುತ್ತಿನ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ಅಗಲ 50 ಮಿ.ಮೀ. ಅಷ್ಟೆ. ಹತ್ತು ಸಿಗಬೇಕಿದ್ದ ಹುಡುಗಿಗೆ ಸಿಗುವುದು ಆರು.

ಆ ಒಂದು ಮಿ.ಮೀ. ಬಹಳ ಸಲ ಹಿಡಿಯಿಂದಲೇ ಬರುತ್ತದೆ. ಕ್ಲಬ್ಬಿನ ಪಿಸ್ತೂಲುಗಳ ಹಿಡಿಗಳು ಹೆಚ್ಚಿನಂಶ ಮಧ್ಯಮ ಅಥವಾ ದೊಡ್ಡ ಅಳತೆಯವು. ತಿಪಟೂರಿನಿಂದ ಬರುವ ನನ್ನ ಶಿಷ್ಯೆಯೊಬ್ಬಳ ಅಂಗೈ ಚಿಕ್ಕದು. ಟ್ರಿಗರ್ ತಲುಪಲು ಅವಳು ಕೈಯನ್ನು ಹಿಡಿಯ ಸುತ್ತ ತಿರುಗಿಸಿಕೊಳ್ಳುತ್ತಿದ್ದಳು. ಆದರೂ ತಾಗುತ್ತಿದ್ದದ್ದು ಬೆರಳಿನ ತುದಿ ಮಾತ್ರ. ಟ್ರಿಗರ್ ನೇರ ಹಿಂದಕ್ಕೆ ಬರುವ ಬದಲು ಪಕ್ಕಕ್ಕೆ ಒತ್ತಿಸಿಕೊಳ್ಳುತ್ತಿತ್ತು, ಗುಂಡುಗಳೆಲ್ಲ ಎಡಕ್ಕೆ ಬೀಳುತ್ತಿದ್ದವು. ಏಕಾಗ್ರತೆ ಸಾಲದು ಎಂದು ಅವಳಿಗೆ ಬೈಗುಳ ಬೇರೆ. ಅಣ್ಣನ ಬೂಟು ತೊಡಿಸಿ ಓಟಕ್ಕೆ ನಿಲ್ಲಿಸಿ ಕಾಲನ್ನು ದೂರಿದ ಹಾಗಾಯಿತು ಇದು.

ಪರೀಕ್ಷಿಸುವ ಬಗೆ ಸುಲಭ. ಗುಂಡಿಲ್ಲದ ಪಿಸ್ತೂಲನ್ನು ಟಾರ್ಗೆಟ್ ಕಡೆಗೇ ಹಿಡಿದು, ಕಣ್ಣು ಮುಚ್ಚಿ, ಕೈ ಎತ್ತಿ, ಕಣ್ಣು ತೆರೆಯಬೇಕು. ಮುಂದಿನ ಸೈಟು ಹಿಂದಿನದರ ಸೀಳಿನ ನಟ್ಟನಡುವೆ ತಾನಾಗಿ ಕೂತಿರಬೇಕು. ಕೂತಿಲ್ಲವೆಂದರೆ ಹಿಡಿಯ ಉಬ್ಬನ್ನು ಅರದಿಂದ ಉಜ್ಜಬೇಕು, ಟೊಳ್ಳು ಇರುವಲ್ಲಿ ಪುಟ್ಟಿ ತುಂಬಬೇಕು, ಟ್ರಿಗರ್ ಬೆರಳಿಗೆ ಮರ ತಾಗದಂತೆ ಜಾಗ ಬಿಡಿಸಬೇಕು. ನನ್ನ ಶಿಷ್ಯೆಯ ಹಿಡಿಗೆ ಮಾಡಿದ್ದು ಇಷ್ಟೇ. ಗುಂಡುಗಳು ನಡುವಿಗೆ ಬಂದವು, ಮುಖ್ಯವಾಗಿ ಅವಳಿಗೆ ತನ್ನ ಮೇಲೆ ನಂಬಿಕೆ ಬಂತು.

ಟ್ರಿಗರಿನ ಸರದಿ ಇದಾದ ಮೇಲೆ. ಹಿಡಿ ಬದಲಾದರೆ ಬೆರಳು ಕೂರುವ ಜಾಗವೂ ಬದಲಾಗುತ್ತದೆ, ಹಾಗಾಗಿ ಈ ಕ್ರಮ ತಪ್ಪಬಾರದು. ಟ್ರಿಗರ್ ಹಗುರವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಹುಡುಗರಲ್ಲಿದೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ 50 ಮೀಟರ್ ಪಿಸ್ತೂಲಿನಲ್ಲಿ ಟ್ರಿಗರ್ ತೂಕಕ್ಕೆ ಕನಿಷ್ಠ ಮಿತಿಯಿಲ್ಲ, ನಿಜ. ಆದರೆ 25 ಮೀಟರಿನಲ್ಲಿ 1000 ಗ್ರಾಂ ಕಡ್ಡಾಯ. ಪಿಸ್ತೂಲಿನ ನಳಿಕೆ ನೆಟ್ಟಗಿಟ್ಟು, ಟ್ರಿಗರಿಗೆ ಆ ತೂಕ ತೂಗಿಸಿ ಎತ್ತಿ ನೋಡುತ್ತಾರೆ. ಆದ್ದರಿಂದ ಸುಧಾರಿಸಬೇಕಾದದ್ದು ತೂಕವನ್ನಲ್ಲ, ಆ ತೂಕದ ಹಂಚಿಕೆಯನ್ನು. ಟ್ರಿಗರ್ ಎಳೆತದ ಎರಡು ಹಂತಗಳಲ್ಲಿ ಮೊದಲನೆಯದರಲ್ಲೇ ಬಹುಪಾಲು ಭಾರ ಬೆರಳಿಗೆ ಬಂದುಬಿಡಬೇಕು, ಎರಡನೆಯದಕ್ಕೆ ಸ್ವಲ್ಪವೇ ಉಳಿಯಬೇಕು. ಗುಂಡು ಹೊರಟ ಮೇಲೆ ಟ್ರಿಗರ್ ಇನ್ನಷ್ಟು ಹಿಂದಕ್ಕೆ ಜಾರದಂತೆ ತಡೆಯೂ ಇರಬೇಕು. 25 ಮೀಟರ್ ಸ್ಪರ್ಧೆಯ ರ್‍ಯಾಪಿಡ್ ಸುತ್ತಿನಲ್ಲಿ ಕೆಳಗಿಳಿಸಿದ ಕೈ ಎತ್ತಿ ಗುಂಡು ಬಿಡಲು ಸಿಗುವುದು ಮೂರೇ ಸೆಕೆಂಡು. ಬೆರಳಿಗೆ ಜಾಗ ಹುಡುಕುತ್ತ ಕೂರಲು ಅಲ್ಲಿ ಪುರುಸೊತ್ತಿಲ್ಲ.

ಟ್ರಿಗರಿನ ಒಳಭಾಗಗಳ ಕೆಲಸವನ್ನು ಮನೆಯಲ್ಲಿ ಯಾರೂ ಮಾಡಕೂಡದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ದುರಸ್ತಿಗೆ ಪರವಾನಗಿ ಬೇಕು. ಕಾನೂನಿನ ಮಾತು ಬಿಟ್ಟರೂ, ಅತಿಯಾಗಿ ಉಜ್ಜಿದ ಟ್ರಿಗರ್ ಬೆರಳು ತಾಗುವ ಮೊದಲೇ ಸಿಡಿಯಬಹುದು. ಸಾಲಾಗಿ ಮಕ್ಕಳು ನಿಂತ ರೇಂಜಿನಲ್ಲಿ ಅದನ್ನು ನಾನು ಒಪ್ಪಲಾರೆ.

ಹಿಡಿಯ ಕೆಲಸ ಹಾಗಲ್ಲ. ಅದು ಮರಗೆಲಸ. ಜರ್ಮನಿಯ ರಿಂಕ್‌ನಂಥ ತಯಾರಕರು ಅಂಗೈಯ ಗೆರೆಚಿತ್ರ ತರಿಸಿಕೊಂಡು ಆಕ್ರೋಟು ಮರದಲ್ಲಿ ಹಿಡಿ ಮಾಡಿಕೊಡುತ್ತಾರೆ. ಸಾಗರ, ಸೊರಬದ ಗುಡಿಗಾರರ ಉಳಿ ಶ್ರೀಗಂಧದಲ್ಲಿ ದೇವರ ಬೆರಳಿನ ಉಗುರನ್ನೂ ಮೂಡಿಸುತ್ತದೆ. ಮೈಸೂರಿನಲ್ಲಿ ಬೀಟೆ ಮರದ ಕುಸುರಿ ಕೆಲಸದವರಿದ್ದಾರೆ. ಒಂದು ಹುಡುಗಿಯ ಅಂಗೈಗೆ ಹಿಡಿ ಕೆತ್ತುವುದು ಇವರಿಂದ ಆಗದ ಕೆಲಸವೇ? ಪಿಸ್ತೂಲು ರೇಂಜ್ ಬಿಟ್ಟು ಕದಲಬೇಕಿಲ್ಲ, ಬಿಚ್ಚಿದ ಮರದ ಹಿಡಿ ಮಾತ್ರ ಅವರ ಕೈಗೆ ಹೋದರೆ ಸಾಕು.

ಅಭ್ಯಾಸ ಮಾಡಿದರೆ ಎಲ್ಲ ಸರಿಹೋಗುತ್ತದೆ, ನಾವು ಸಿಕ್ಕ ಪಿಸ್ತೂಲಿನಲ್ಲೇ ಕಲಿಯಲಿಲ್ಲವೇ ಎನ್ನುವ ಹಿರಿಯರಿದ್ದಾರೆ. ಅವರ ಸಾಧನೆಯ ಬಗ್ಗೆ ನನಗೆ ಗೌರವವಿದೆ. ಆದರೆ ಹೊಂದದ ಹಿಡಿಯ ಮೇಲೆ ಸಾವಿರ ಗುಂಡು ಹಾರಿಸಿದವಳು ಕಲಿಯುವುದು ಗುರಿಯನ್ನಲ್ಲ, ಹಿಡಿಯ ಓರೆಯನ್ನು ಕೈಯಿಂದ ಸರಿತೂಗಿಸುವುದನ್ನು. ಮುಂದೆ ಒಳ್ಳೆಯ ಪಿಸ್ತೂಲು ಬಂದಾಗ ಅದನ್ನೆಲ್ಲ ಮರೆಯಲು ಮತ್ತೆ ವರ್ಷಗಳು ಬೇಕು. ಕಾಡತೂಸಿನ ಖರ್ಚೂ ಕಡಿಮೆಯಲ್ಲ.

ಆದ್ದರಿಂದ ರಾಜ್ಯದ ಕ್ರೀಡಾ ಇಲಾಖೆಗೆ ನನ್ನ ಬೇಡಿಕೆ ಸ್ಪಷ್ಟ. ಶೂಟಿಂಗಿಗೆ ಅನುದಾನ ಕೊಡುವಾಗ ಹೊಸ ಪಿಸ್ತೂಲುಗಳ ಪಟ್ಟಿಯನ್ನಷ್ಟೇ ಕೇಳಬೇಡಿ. ಪ್ರತಿ ರೇಂಜಿನಲ್ಲಿ ಹಿಡಿ ಹೊಂದಿಸುವ ಒಂದು ಮೇಜು, ಟ್ರಿಗರ್ ಅಳೆಯುವ ತೂಕ, ನಿಗದಿತ ದಿನಗಳಲ್ಲಿ ಬಂದುಹೋಗುವ ಪರವಾನಗಿ ಇರುವ ಬಂದೂಕು ದುರಸ್ತಿಗಾರ, ಕೆತ್ತನೆಗೆ ಒಬ್ಬ ಕುಶಲಕರ್ಮಿ ಇರಲಿ. ಒಂದು ಆಮದು ಪಿಸ್ತೂಲಿಗೆ ತಗಲುವ ಹಣದಲ್ಲಿ ಒಂದು ರೇಂಜಿನ ಮಕ್ಕಳೆಲ್ಲರ ಹಿಡಿ ಸರಿಯಾಗುತ್ತದೆ. ಸ್ವಂತ ಪಿಸ್ತೂಲು ಕೊಳ್ಳಲಾಗದ ಮನೆಯ ಮಗಳೂ ಆಗ ಸರಿಸಮನಾಗಿ ಸ್ಪರ್ಧೆಗೆ ನಿಲ್ಲಬಲ್ಲಳು.