ರಣಹದ್ದಿನ ಲೆಕ್ಕ

ಗಣಿತವು ವಣಿಕನ ಅಂಗಡಿಗೆ ಮಾತ್ರ ಸಲ್ಲುವ ವಿದ್ಯೆಯಲ್ಲ. ಜೀವಕುಲಗಳ ಅಳಿವು ಉಳಿವುಗಳನ್ನೂ ಅದು ಅಳೆಯಬಲ್ಲುದು. ನಮ್ಮ ದೇಶದ ಬಿಳಿಬೆನ್ನಿನ ರಣಹದ್ದುಗಳು 1992ರಿಂದ 2007ರೊಳಗಾಗಿ ಸುಮಾರು ಸಾವಿರಕ್ಕೊಂದರಂತೆ ಉಳಿದುವು. ಸಾಂಕ್ರಾಮಿಕ ರೋಗವೆಂದು ಮೊದಲು ಶಂಕಿಸಿದರು. ದನಗಳ ನೋವಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ಔಷಧವು, ಸತ್ತ ದನದ ಮಾಂಸದ ಮೂಲಕ ಹಕ್ಕಿಯ ಮೂತ್ರಪಿಂಡವನ್ನು ಕೆಡಿಸುವುದೆಂದು 2004ರಲ್ಲಿ ತಿಳಿದುಬಂದಿತು.

ಇಷ್ಟು ನಾಶಕ್ಕೆ ಎಷ್ಟು ಶವಗಳು ವಿಷಪೂರಿತವಾಗಿರಬೇಕು? ನೂರಕ್ಕೆ ಒಂದಕ್ಕಿಂತಲೂ ಕಡಿಮೆ ಸಾಕೆಂದು ಅದೇ ವರ್ಷ ಶಾಸ್ತ್ರಜ್ಞರು ಗಣಿಸಿದರು. ಹದ್ದು ವರ್ಷವೆಲ್ಲ ಅನೇಕ ಶವಗಳನ್ನು ತಿನ್ನುವುದು. ಇಡುವುದಾದರೋ ಒಂದೇ ಮೊಟ್ಟೆ. ಜನನವು ಅಲ್ಪವಾದಲ್ಲಿ ಮರಣವು ಕೊಂಚ ಹೆಚ್ಚಿದರೂ ಕುಲವು ಕ್ಷಯಿಸುವುದು.

2006ರಲ್ಲಿ ಪಶುಗಳಿಗೆ ಆ ಔಷಧವು ನಿಷಿದ್ಧವಾಯಿತು. ಹಸುವಿರುವ ಗೃಹಸ್ಥರು ಹದ್ದುಗಳಿಗೆ ಬಾಧಕವಲ್ಲದ ಮೆಲಾಕ್ಸಿಕಾಮನ್ನೇ ವೈದ್ಯರಲ್ಲಿ ಕೇಳತಕ್ಕದ್ದು. ನೂರರಲ್ಲಿ ಒಂದೆಂದು ಉಪೇಕ್ಷಿಸಲಾಗದು. ಜಟಾಯುವಿನ ಕುಲವು ಆ ಒಂದರಿಂದಲೇ ಕೆಟ್ಟಿತು.