ಮೂಳೆಗೆ ಬೇಸಿಗೆ ರಜೆ ಗೊತ್ತಿಲ್ಲ

‘ಬೇಸಿಗೆ ರಜೆದಾಗ ಆಪರೇಷನ್ ಮಾಡಿಸಿಬಿಡ್ರಿ, ಸಾಲಿ ತಪ್ಪಂಗಿಲ್ಲ.’ ಒಂದು ಕಾಲು ಗಿಡ್ಡ ಇರುವ ಮಗುವಿನ ಮನೆಯವರಿಗೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಸಿಗುವ ಸಲಹೆ ಇದು. ಹೇಳುವವರ ಮನಸ್ಸು ಒಳ್ಳೆಯದೇ, ಲೆಕ್ಕ ಮಾತ್ರ ತಪ್ಪು. ಆ ತಪ್ಪಿಗೆ ಮಗುವಿನ ಒಂದು ವರ್ಷದ ಓದು ಹೋಗುತ್ತದೆ ಎಂಬುದೇ ನಮ್ಮ ತಕರಾರು.

ಎತ್ತರ ಕಾಣಬೇಕೆಂದು ದುಡ್ಡು ಸುರಿದು ಕಾಲು ಉದ್ದ ಮಾಡಿಸಿಕೊಳ್ಳುವವರ ಮಾತಲ್ಲ ಇದು. ಹುಟ್ಟಿನಿಂದಲೋ, ಮೂಳೆಯ ಸೋಂಕಿನಿಂದಲೋ, ಬಿದ್ದ ಪೆಟ್ಟಿನಿಂದಲೋ ಒಂದು ಕಾಲು ಬೆಳೆಯದೆ ಉಳಿದ ಮಕ್ಕಳ ಮಾತು.

ಲೆಕ್ಕ ಹಾಕೋಣ. ಈ ಚಿಕಿತ್ಸೆಯನ್ನು ರೂಪಿಸಿದವರು ಸೈಬೀರಿಯಾದ ಕುರ್ಗಾನ್ ಊರಿನ ವೈದ್ಯ ಗವ್ರಿಲ್ ಇಲಿಜರೋವ್. ಮೂಳೆ ಕತ್ತರಿಸಿ, ಕಾಲಿನ ಸುತ್ತ ಲೋಹದ ರಿಂಗ್ ಕೂಡಿಸಿ, ತಂತಿಗಳಿಂದ ಮೂಳೆಗೆ ಬಿಗಿಯುತ್ತಾರೆ. ಸುಮಾರು ಒಂದು ವಾರದ ನಂತರ ನಟ್ ತಿರುಗಿಸಲು ಶುರು. ಸಾಮಾನ್ಯವಾಗಿ ದಿನಕ್ಕೆ 1 ಮಿಲಿಮೀಟರ್, ಅದನ್ನೂ ನಾಲ್ಕು ಸಲಕ್ಕೆ ಹಂಚಿ. 5 ಸೆಂಟಿಮೀಟರ್ ಬೇಕೆಂದರೆ 50 ದಿನ. ಹೊಸ ಮೂಳೆ ಗಟ್ಟಿಯಾಗಲು ಅದರ ಸುಮಾರು ಎರಡರಷ್ಟು ಸಮಯ ಬೇಕು. ಒಟ್ಟು ಐದಾರು ತಿಂಗಳು ರಿಂಗ್ ಕಾಲಲ್ಲೇ ಇರುತ್ತದೆ.

ನಮ್ಮ ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ, ಏಳು ವಾರ ಅಷ್ಟೇ. ರಜೆಯ ಮೊದಲ ದಿನವೇ ಆಪರೇಷನ್ ಆದರೂ ಶಾಲೆಯ ಗಂಟೆ ಹೊಡೆಯುವಾಗ ಕಾಲು ಉದ್ದವಾಗುವುದೇ ಮುಗಿದಿರುವುದಿಲ್ಲ. ರಿಂಗ್ ಬಿಚ್ಚುವ ಹೊತ್ತಿಗೆ ಸೆಪ್ಟೆಂಬರ್. ಆಮೇಲೂ ಕೆಲವು ವಾರ ಊರುಗೋಲು.

ಹಾಗಾದರೆ ರಜೆ ಉಪಯೋಗಕ್ಕೆ ಬಾರದೇ? ಬರುತ್ತದೆ. ನೋವು ಹೆಚ್ಚಿರುವ, ದಿನಾಲೂ ವ್ಯಾಯಾಮ ಮಾಡಲೇಬೇಕಾದ ಮೊದಲ ವಾರಗಳನ್ನು ರಜೆಯಲ್ಲಿ ಕಳೆಯಬಹುದು. ಮೂಳೆ ಗಟ್ಟಿಯಾಗುವ ತಿಂಗಳುಗಳಲ್ಲಿ ಮಗು ರಿಂಗ್ ಸಮೇತ ತರಗತಿಯಲ್ಲಿ ಕೂರಬಹುದು. ಡಾಕ್ಟರು ಹೇಳಿದಷ್ಟು ಭಾರ ಹಾಕಿ ನಡೆದರೆ ಮೂಳೆಗೂ ಒಳ್ಳೆಯದು. ಅಡ್ಡಿ ಇರುವುದು ಕಾಲಲ್ಲಲ್ಲ, ಶಾಲೆಯಲ್ಲಿ. ತರಗತಿ ಮೇಲಿನ ಮಹಡಿಯಲ್ಲಿ, ಶೌಚಾಲಯದಲ್ಲಿ ಕುಕ್ಕರಗಾಲಲ್ಲೇ ಕೂರಬೇಕು, ರಿಂಗಿನ ಮೇಲೆ ಯೂನಿಫಾರ್ಮ್ ಪ್ಯಾಂಟ್ ಏರುವುದಿಲ್ಲ. ಕೊನೆಗೆ ಒಂದು ಮಾತು: ‘ಆರಾಮಾದ ಮ್ಯಾಲ ಮುಂದಿನ ವರ್ಷ ಕಳಸ್ರಿ.’

ಆ ಮುಂದಿನ ವರ್ಷ ಎಷ್ಟು ಮಕ್ಕಳಿಗೆ ಬರುತ್ತದೆ? ಒಮ್ಮೆ ಶಾಲೆ ಬಿಟ್ಟ ಹುಡುಗ ಕೂಲಿಗೆ ಹೊಂದಿಕೊಳ್ಳುತ್ತಾನೆ, ಹುಡುಗಿಗೆ ಮನೆಯಲ್ಲಿ ಗಂಡು ನೋಡಲು ಶುರು ಮಾಡುತ್ತಾರೆ. ಕಾಲು ಸರಿಯಾಗಿ ಬದುಕು ಕುಂಟಿದರೆ ಆ ಆಪರೇಷನ್ ಯಾತಕ್ಕೆ?

ಶಾಲೆಯವರು ಇದನ್ನು ದಯೆ ಎಂದುಕೊಳ್ಳಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ, ಕಟ್ಟಡವನ್ನೂ ವ್ಯವಸ್ಥೆಯನ್ನೂ ಮಗುವಿಗೆ ಹೊಂದಿಸಬೇಕು ಎನ್ನುತ್ತದೆ. ತೀವ್ರ ನ್ಯೂನತೆಯ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಗೃಹಾಧಾರಿತ ಶಿಕ್ಷಣ ಸಮಗ್ರ ಶಿಕ್ಷಣ ಯೋಜನೆಯಲ್ಲಿದೆ. ರಿಂಗ್ ಹೊತ್ತು ಮಲಗಿದ ಮಗುವಿಗೂ ಆ ವಾರಗಳಲ್ಲಿ ಅದು ಸಿಗಬೇಕು.

ಪಾಲಕರೇ, ಆಪರೇಷನ್ ದಿನ ಗೊತ್ತಾಗುವ ಮೊದಲೇ ಡಾಕ್ಟರರಿಂದ ಒಂದು ಚೀಟಿ ಬರೆಸಿಕೊಳ್ಳಿ: ಎಷ್ಟು ವಾರ ಮನೆಯಲ್ಲಿ, ಯಾವಾಗಿನಿಂದ ಶಾಲೆಗೆ, ತಪಾಸಣೆಗೆ ಯಾವ ದಿನ. ಎಸ್ಸೆಸ್ಸೆಲ್ಸಿ ವರ್ಷ ತಪ್ಪಿಸಬಹುದೇ ಎಂದೂ ಕೇಳಿ. ಆದರೆ ಬೆಳೆಯುವ ಮೂಳೆಯ ವಿಷಯದಲ್ಲಿ ಕೊನೆಯ ಮಾತು ಅವರದೇ. ಚೀಟಿಯ ಪ್ರತಿಯನ್ನು ಅರ್ಜಿ ಜೊತೆ ಮುಖ್ಯ ಗುರುಗಳಿಗೂ ಬಿಇಒ ಕಚೇರಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿಗೆ ದಾಖಲೆ ಇರುವುದಿಲ್ಲ.

ಎಸ್‌ಡಿಎಂಸಿ ಸದಸ್ಯರೇ, ನಿಮ್ಮ ಕೆಲಸ ಇನ್ನೂ ಸುಲಭ. ಆ ಒಂದು ತರಗತಿಯನ್ನು ಕೆಳಗಿನ ಕೋಣೆಗೆ ಇಳಿಸಿ, ಶೌಚಾಲಯಕ್ಕೆ ಒಂದು ಕಮೋಡ್ ಕುರ್ಚಿ ತಂದಿಡಿ, ಕಾಲು ಚಾಚಲು ಒಂದು ಸ್ಟೂಲ್ ಕೊಡಿ. ಇಷ್ಟಕ್ಕೆ ಯಾವ ಅನುದಾನಕ್ಕೂ ಕಾಯಬೇಕಿಲ್ಲ.

ಮೂಳೆ ದಿನಕ್ಕೆ 1 ಮಿಲಿಮೀಟರ್‌ನಂತೆಯೇ ಬೆಳೆಯುತ್ತದೆ, ಅದನ್ನು ಅವಸರಪಡಿಸಲು ಆಗದು. ಬಗ್ಗಬೇಕಾದದ್ದು ಶಾಲೆ.