ಬಿಚ್ಚಿ ನೋಡಬಹುದಾದ ಯಂತ್ರ

ಸೊರಬ ತಾಲ್ಲೂಕಿನ ಜಡೆಯಲ್ಲಿ ನಮ್ಮ ಆಪ್ತರೊಬ್ಬರ ಮನೆಯಿದೆ. ಆ ಮನೆಯ ಹಿರಿಯರು ಯಕ್ಷಗಾನದ ವೇಷಧಾರಿಗಳಾಗಿದ್ದರು, ಈಗಿಲ್ಲ. ಅವರು ಕಡೆಯ ಬಾರಿ ರಂಗಕ್ಕೆ ಬಂದ ರಾತ್ರಿಯ ಎರಡು ಗಂಟೆಗಳ ಆಟವನ್ನು ಯಾರೋ ಪುಣ್ಯಾತ್ಮರು ಒಂದು ಡಿ.ವಿ.ಡಿ.ಯಲ್ಲಿ ಹಿಡಿದಿಟ್ಟಿದ್ದಾರೆ. ಅದನ್ನು ತೋರಿಸುವ ಯಂತ್ರ ಕೆಟ್ಟು ವರ್ಷಗಳಾದುವು. ಮೂಲೆಯಲ್ಲಿ ಹಳೆಯದೊಂದು ಗಣಕಯಂತ್ರವೂ, ಅದರೊಳಗೆ ಅಮೆರಿಕದ ಬಂಧುವೊಬ್ಬರು ತಂದುಕೊಟ್ಟಿದ್ದ ಹಾಪಾಗ್ ಪಿ.ವಿ.ಆರ್.-೩೫೦ ಎಂಬ ಟಿ.ವಿ. ಕಾರ್ಡೂ ಇದ್ದುವು. ಎಲ್ಲವನ್ನೂ ಗುಜರಿಗೆ ಹಾಕಿರೆಂದು ಪೇಟೆಯ ಅಂಗಡಿಯವರು ಹೇಳಿಕಳುಹಿದ್ದರು. ಈ ಸಲಹೆಯನ್ನು ನಾವು ಒಪ್ಪಲಾರೆವು.

ಡಿ.ವಿ.ಡಿ.ಯ ಒಂದೊಂದು ಚಿತ್ರದಲ್ಲಿಯೂ ೭೨೦ ಅಡ್ಡ, ೫೭೬ ಉದ್ದ ಚುಕ್ಕೆಗಳು. ಸೆಕೆಂಡಿಗೆ ೨೫ ಚಿತ್ರಗಳು. ಇದನ್ನು ಇದ್ದಂತೆಯೇ ಬರೆದರೆ ಸೆಕೆಂಡಿಗೆ ೧೨ ಕೋಟಿ ಬಿಟ್ಟುಗಳಿಗೂ ಮೇಲಾಗುತ್ತದೆ. ಎರಡು ಗಂಟೆಯ ಆಟಕ್ಕೆ ಸುಮಾರು ೧೧೨ ಗಿಗಾಬೈಟು ಬೇಕು. ಡಿಸ್ಕಿನ ಒಂದು ಪದರದಲ್ಲಿ ಹಿಡಿಸುವುದು ಕೇವಲ ೪.೭. ಈ ಕಂದಕವನ್ನು ದಾಟಿಸಿದುದು ಎಂಪೆಗ್-೨ ಎಂಬ ಸಂಕ್ಷೇಪ ವಿಧಾನ. ಅದರ ಹೃದಯದಲ್ಲಿರುವ ಗಣಿತವನ್ನು ೧೯೭೪ರಲ್ಲಿ ಟಿ. ನಟರಾಜನ್, ಕೆ. ಆರ್. ರಾವ್ ಅವರೊಡನೆ ಪ್ರಕಟಿಸಿದವರು ನಾಸಿರ್ ಅಹಮದ್. ಅವರು ಬೆಂಗಳೂರಿನಲ್ಲಿ ಹುಟ್ಟಿ, ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಈ ಹೆಸರನ್ನು ಕೇಳಿದ್ದಾರೋ! ಚಿತ್ರವನ್ನು ಎಂಟೆಂಟು ಚುಕ್ಕೆಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ಕೊಸೈನ್ ಅಲೆಗಳ ಮೊತ್ತವಾಗಿ ಬರೆದರೆ, ಕಣ್ಣು ಗಮನಿಸದ ಸೂಕ್ಷ್ಮ ಅಲೆಗಳನ್ನು ಬಿಟ್ಟುಬಿಡಬಹುದು. ನೋಡುವಾಗ ಈ ಲೆಕ್ಕವನ್ನು ಹಿಂದುಮುಂದಾಗಿ ಮಾಡಬೇಕು. ಬೆಳಕಿನ ಭಾಗಕ್ಕೇ ಚಿತ್ರವೊಂದರಲ್ಲಿ ೬,೪೮೦ ಚೌಕಗಳಿರುತ್ತವೆ. ಹಳೆಯ ಗಣಕಕ್ಕೆ ಇದು ಹೊರಲಾರದ ಹೊರೆ. ಆದುದರಿಂದಲೇ ಪಿ.ವಿ.ಆರ್.-೩೫೦ರಲ್ಲಿ ಈ ಲೆಕ್ಕವನ್ನು ಬಲ್ಲ ಪ್ರತ್ಯೇಕ ಚಿಪ್ಪನ್ನು ಕೂರಿಸಿದರು. ಅದು ಬಿಡಿಸಿದ ಚಿತ್ರವನ್ನು ನೇರವಾಗಿ ಟಿ.ವಿ.ಗೆ ಕಳುಹುತ್ತದೆ.

ಈ ಚಿಪ್ಪನ್ನು ನಡೆಸುವ ತಂತ್ರಾಂಶವು ತಯಾರಕರ ಕೈಯಲ್ಲಿ ಮಾತ್ರ ಉಳಿದಿದ್ದರೆ ಅಂಗಡಿಯವರ ಮಾತೇ ನಿಜವಾಗುತ್ತಿತ್ತು. ಆದರೆ ಐವಿಟಿವಿ ಎಂಬ ಚಾಲಕವನ್ನು ಹವ್ಯಾಸಿಗಳು ಬರೆದರು. ೨೦೦೭ರಲ್ಲಿ ಅದು ಲಿನಕ್ಸ್ ತಿರುಳಿನೊಳಕ್ಕೇ ಸೇರಿತು. ಅದರ ಸಾಲು ಸಾಲನ್ನೂ ಯಾರು ಬೇಕಾದರೂ ಓದಬಹುದು. (ಚಿಪ್ಪಿನೊಳಗೆ ತುಂಬಬೇಕಾದ ಕಿರುತಂತ್ರಾಂಶವು ಮಾತ್ರ ಗುಟ್ಟಾಗಿಯೇ ಉಳಿದಿದೆ, ಈ ಅರೆಮನಸ್ಸಿನ ಔದಾರ್ಯವನ್ನು ನಾವು ಹೊಗಳಲಾರೆವು.) ಲಿನಕ್ಸಿನಲ್ಲಿ ಆ ಕಾರ್ಡು ಒಂದು ಕಡತದಂತೆ ಕಾಣುತ್ತದೆ, ಡಿಸ್ಕಿನ ಪ್ರವಾಹವನ್ನು ಅದರೊಳಕ್ಕೆ ಸುರಿದರೆ ಸಾಕು, ಚಿತ್ರ ಮೂಡುತ್ತದೆ. ಕೊಂಡ ಚಲನಚಿತ್ರಗಳ ಡಿಸ್ಕಿಗೆ ಸಾಮಾನ್ಯವಾಗಿ ಗೂಢಲಿಪಿಯ ಬೀಗವಿರುತ್ತದೆ. ೧೯೯೯ರಲ್ಲಿ ಆ ಬೀಗ ತೆಗೆಯುವ ತಂತ್ರಾಂಶವನ್ನು ಹೊರತಂದ ನಾರ್ವೆಯ ತರುಣ ಯೋನ್ ಲೆಕ್ ಯೋಹಾನ್ಸನ್ ನ್ಯಾಯಾಲಯಕ್ಕೆ ಅಲೆದು, ೨೦೦೩ರಲ್ಲಿ ನಿರ್ದೋಷಿಯೆನಿಸಿದನು. ಮನೆಯಲ್ಲಿ ಬರೆದ ಡಿಸ್ಕಿಗೆ ಈ ತೊಡಕಿಲ್ಲ.

ಜಡೆಯಲ್ಲಿ ಮೊದಲ ಸಲ ಚಿತ್ರ ಬಂದಿತು, ಧ್ವನಿ ಬರಲಿಲ್ಲ. ಚಂಡೆಯಿಲ್ಲದೆ ಕುಣಿಯುವ ವೇಷವನ್ನು ನೋಡಿ ಮಕ್ಕಳು ನಕ್ಕರು, ಅಜ್ಜಿಯೊಬ್ಬರು ನಗಲಿಲ್ಲ. ಡಿಸ್ಕಿನ ಧ್ವನಿಯು ಎಸಿ-೩ ಎಂಬ ಬಗೆಯದು. ಕಾರ್ಡು ಬಲ್ಲುದು ಎಂಪೆಗ್ ಧ್ವನಿಯೊಂದನ್ನೇ. ದೃಶ್ಯವನ್ನು ಮುಟ್ಟದೆ ಧ್ವನಿಯನ್ನಷ್ಟೇ ಎಫ್‌ಎಫ್‌ಎಂಪೆಗ್ ತಂತ್ರಾಂಶದಿಂದ ಮಾರ್ಪಡಿಸಿ ಕೊಟ್ಟಾಗ ಭಾಗವತರ ಕಂಠ ಕೇಳಿಸಿತು. ದೋಷವೆಲ್ಲಿದೆಯೆಂದು ಆ ಮನೆಯ ಕಾಲೇಜು ಹುಡುಗಿ ತಾನೇ ಹುಡುಕಿ ತಿಳಿದಳು. ಮುಚ್ಚಿದ ಪೆಟ್ಟಿಗೆಯಾಗಿದ್ದರೆ ಆಕೆಗೆ ಈ ಅವಕಾಶವೇ ಇರುತ್ತಿರಲಿಲ್ಲ.

ಇಂದಿನ ಸಾಧಾರಣ ಗಣಕವೂ ಈ ಲೆಕ್ಕವನ್ನು ಲೀಲೆಯಿಂದ ಮಾಡುತ್ತದೆಂಬುದು ದಿಟ; ಹೊಸ ಯಂತ್ರಗಳಲ್ಲಿ ಈ ಕಾರ್ಡು ಕೂರುವ ಪಿ.ಸಿ.ಐ. ಕಿಂಡಿಯೇ ಅಪರೂಪ. ಹೊಸದಾಗಿ ಇಂಥದನ್ನು ಕೊಳ್ಳಿರೆಂದು ನಾವು ಯಾರಿಗೂ ಹೇಳೆವು. ಇರುವುದನ್ನು ಎಸೆಯುವ ಮುನ್ನ ಅದರ ಚಾಲಕವನ್ನೊಮ್ಮೆ ಓದಿ ನೋಡಿರೆನ್ನುತ್ತೇವೆ. ಅದಕ್ಕೂ ಮೊದಲು ಡಿಸ್ಕಿನ ಪ್ರತಿಯೆತ್ತಬೇಕು. ಮನೆಯಲ್ಲಿ ಬರೆದ ಡಿಸ್ಕಿನ ಬಣ್ಣದ ಪದರವು ಬಿಸಿಲಿಗೂ ತೇವಕ್ಕೂ ಸೊರಗುತ್ತದೆ. ಮಲೆನಾಡಿನ ಮಳೆಗಾಲವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಡಿ.ವಿ.ಡಿ.ಯನ್ನು ನಡುವಿನಿಂದ ಅಂಚಿನತ್ತ ಓದಬೇಕಾದುದರಿಂದ ಅಂಚು ಕೆಟ್ಟರೆ ಹೋಗುವುದು ಆಟದ ಕೊನೆ. ನಾವು ಪ್ರತಿಯೆತ್ತಿದಾಗ ಜಡೆಯ ಡಿಸ್ಕಿನಲ್ಲಿ ಕಡೆಯ ಏಳು ನಿಮಿಷಗಳು ಸಿಕ್ಕಲಿಲ್ಲ. ಮಂಗಳ ಪದವು ಅಲ್ಲಿತ್ತು.